ನರಸಮ್ಮ ಕೇಳಿದ ಒಂದೇ ಪ್ರಶ್ನೆ

ನರಸಮ್ಮನ ಬಗ್ಗೆ ಬರೆಯಬೇಕಾದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ, ತೊಂದರೆ ಇರುವುದು ಅಲ್ಲೇ. ಅವಳೊಬ್ಬಳ ಬಗ್ಗೆ ನಾಲ್ಕು ಪುಟ ಬರೆದು, ಅಯ್ಯೋ ಎಂಥ ಕಷ್ಟಜೀವಿ ಎಂದು ನಿಟ್ಟುಸಿರು ಬಿಟ್ಟು ಮುಗಿಸಬಹುದಿತ್ತು. ಹಾಗೆ ಎರಡು ಸಲ ಬರೆದೆ, ಎರಡು ಸಲವೂ ಹರಿದು ಹಾಕಿದೆ.

ನಾನು ಸರ್ವಮಂಗಳಾ. ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಇರುವುದು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ನಡೆದೇ ಹೋಗಬಹುದಾದ ಒಂದು ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ, ಒಬ್ಬಳೇ. ಪಿಂಚಣಿ ಬರುತ್ತದೆ, ಮಂಡಿ ನೋಯುತ್ತದೆ, ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿದೆ. ನನ್ನ ಬಾಯಿಗೆ ಹೆದರದ ಹುಡುಗಿ ಇಡೀ ಶಾಲೆಯಲ್ಲಿ ಇರಲಿಲ್ಲ. ಇದನ್ನು ಬಹಳ ವರ್ಷ ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದ್ದೇನೆ.

ನಮ್ಮ ಕೆಳಗಿನ ಮನೆಯ ನಿಶಾಂತ್ ಒಂದು ಕಟ್ಟಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಚಾಮರಾಜಪೇಟೆಯಲ್ಲಿ ಯಾರದೋ ಹಳೆಯ ಬಂಗಲೆ ಕೆಡವಿ ಅವನ ಕಂಪನಿ ಒಂಬತ್ತು ಮಹಡಿ ಎಬ್ಬಿಸುತ್ತಿತ್ತು. ಅಲ್ಲಿಗೆ ಹೊಸದಾಗಿ ಬರುವ ಪ್ರತಿಯೊಬ್ಬ ಕೆಲಸಗಾರನೂ ಮೊದಲ ದಿನ ಎರಡು ಗಂಟೆ ಸುರಕ್ಷತೆಯ ತರಬೇತಿಗೆ ಕೂರಲೇಬೇಕು. ಕೂತವರ ಹೆಲ್ಮೆಟ್ಟಿಗೆ ಹಸಿರು ಸ್ಟಿಕರ್ ಅಂಟಿಸುತ್ತಾರೆ. ಸ್ಟಿಕರ್ ಇಲ್ಲದ ತಲೆಯನ್ನು ಗೇಟಿನವನು ತರಬೇತಿಯ ಶೆಡ್ಡಿನಿಂದ ಆಚೆಗೆ ಬಿಡುವುದಿಲ್ಲ.

"ಆಂಟಿ, ಕನ್ನಡದಲ್ಲಿ ಎರಡು ಗಂಟೆ ಮಾತಾಡೋಕೆ ನಂಗೆ ಬರಲ್ಲ. ವಾರಕ್ಕೆರಡು ದಿನ ಬಂದ್ಬಿಡಿ, ಪ್ಲೀಸ್," ಎಂದ ನಿಶಾಂತ್. ಮನೆಯಲ್ಲಿ ಕೂತು ಕೂತು ತುಕ್ಕು ಹಿಡಿದಿದ್ದೆ, ತಕ್ಷಣ ಒಪ್ಪಿಕೊಂಡೆ. ಮೊದಲ ದಿನ ಅವನು ತೋರಿಸಿದ ಪಾಠವನ್ನು ಯಾರೋ ಯಂತ್ರದ ಕೈಲಿ ಕನ್ನಡ ಮಾಡಿಸಿದ್ದರು. 'ಕಠಿಣ ಟೋಪಿ ಕಡ್ಡಾಯ. ಬೀಳುವ ವಸ್ತುಗಳನ್ನು ಮನಸ್ಸಿಗೆ ತಂದುಕೊಳ್ಳಿ' ಎಂದಿತ್ತು. ಕೆಂಪು ಪೆನ್ನು ತೆಗೆದು ಇಪ್ಪತ್ತೆಂಟು ಪುಟಗಳನ್ನೂ ತಿದ್ದಿದೆ. ಆ ವಾರ ನಾನು ಎಷ್ಟು ಖುಷಿಯಾಗಿದ್ದೆನೆಂದರೆ ಮಂಡಿ ನೋವೂ ಕಡಿಮೆಯಾದ ಹಾಗಿತ್ತು.

ತಗಡಿನ ಶೆಡ್ಡಿನಲ್ಲಿ ಬೆಂಚುಗಳು, ಒಂದು ಟೀವಿ, ಗೋಡೆಗೆ ಒರಗಿಸಿದ ಹೆಲ್ಮೆಟ್ಟಿನ ರಾಶಿ. ಪಾಠ ಮುಗಿದ ಮೇಲೆ ಒಂದು ಪುಸ್ತಕ ತುಂಬಿಸಬೇಕಿತ್ತು. ತಾರೀಕು, ಬಂದವರ ಹೆಸರು, ಸಹಿ ಅಥವಾ ಹೆಬ್ಬೆಟ್ಟು, ಕಡೆಯಲ್ಲಿ ಒಂದು ಕಾಲಂ: 'ಕೆಲಸಗಾರರು ಕೇಳಿದ ಪ್ರಶ್ನೆಗಳು ಮತ್ತು ಕೊಟ್ಟ ಉತ್ತರ'. ಆ ಕಾಲಮಿನಲ್ಲಿ ನಾನು ಪ್ರತಿ ಸಲವೂ ದುಂಡಗಿನ ಅಕ್ಷರದಲ್ಲಿ 'ಯಾವುದೂ ಇಲ್ಲ' ಎಂದು ಬರೆಯುತ್ತಿದ್ದೆ. ಇದು ಶಾಲೆಯಲ್ಲಿ ಕಲಿತ ಚಾಳಿ. ಇನ್‌ಸ್ಪೆಕ್ಟರ್ ಬಂದ ದಿನ ಹುಡುಗಿಯರಿಗೆ ಅನುಮಾನಗಳಿದ್ದರೆ ಟೀಚರು ಸರಿಯಾಗಿ ಹೇಳಿಕೊಟ್ಟಿಲ್ಲ ಎಂದು ಅರ್ಥ. 'ಅರ್ಥ ಆಯ್ತಾ?' ಎಂದರೆ 'ಆಯ್ತು ಮಿಸ್' ಎಂದು ನಲವತ್ತು ಗಂಟಲು ಒಟ್ಟಿಗೆ ಕೂಗಬೇಕು. ಇಲ್ಲೂ ಹಾಗೇ ಕೂಗಿಸಿದೆ. ಗಾರೆಯವರು, ಕಂಬಿ ಕಟ್ಟುವವರು, ಮೀಸೆ ಹೊತ್ತ ಗಂಡಸರೆಲ್ಲ 'ಆಯ್ತು ಮಿಸ್' ಎನ್ನುವುದನ್ನು ಕೇಳಲು ಚೆನ್ನಾಗಿರುತ್ತಿತ್ತು.

ನರಸಮ್ಮ ಬಂದದ್ದು ಆಗಸ್ಟ್ ತಿಂಗಳ ಒಂದು ಮಂಗಳವಾರ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಕಾಲಿಗೆ ಕಂಪನಿ ಕೊಟ್ಟ ದೊಡ್ಡ ಬೂಟು, ಕಂಕುಳಲ್ಲಿ ಒಂದು ಸಿಂಬೆ. ತಲೆಯ ಮೇಲೆ ಭಾರ ಹೊರುವಾಗ ಕೆಳಗಿಟ್ಟುಕೊಳ್ಳುತ್ತಾರಲ್ಲ, ಬಟ್ಟೆ ಸುತ್ತಿದ ಬಳೆಯಂಥದ್ದು, ಅದು. ನನಗಿಂತ ಆರೇಳು ವರ್ಷ ಚಿಕ್ಕವಳಿರಬೇಕು. ಅವಳದು ಚಿತ್ತಾಳು ಕೆಲಸ, ಅಂದರೆ ಗಾರೆಯವರಿಗೆ ಮರಳು, ಜಲ್ಲಿ, ಕಲಸಿದ ಸಿಮೆಂಟು ಬಾಂಡ್ಲಿಯಲ್ಲಿ ತುಂಬಿ ಹೊತ್ತು ಕೊಡುವುದು. ನೋಡಿ, ಅವಳು ಎಂದೇ ಬರೆಯುತ್ತಿದ್ದೇನೆ. ಈಗ ಅವರು ಎಂದು ತಿದ್ದಿದರೆ ಆವತ್ತು ನಾನು ನಡೆದುಕೊಂಡದ್ದನ್ನೂ ತಿದ್ದಿದ ಹಾಗಾಗುತ್ತದೆ.

ಹೆಲ್ಮೆಟ್ಟಿನ ಪಾಠ ನಡೆದಿತ್ತು. ಒಳಗೆ ಕಾಲಿಟ್ಟ ಕ್ಷಣದಿಂದ ಹೊರಗೆ ಹೋಗುವವರೆಗೆ ತಲೆಯಿಂದ ತೆಗೆಯಕೂಡದು, ಗದ್ದದ ಪಟ್ಟಿ ಬಿಗಿದಿರಬೇಕು ಎಂದೆ. 'ಅರ್ಥ ಆಯ್ತಾ?' 'ಆಯ್ತು ಮಿಸ್.' ಎಲ್ಲರೂ ಕೂಗಿದ ಮೇಲೆ ಹಿಂದಿನ ಬೆಂಚಿನಿಂದ ನರಸಮ್ಮ ಎದ್ದು ನಿಂತಳು.

"ಮಿಸ್, ಒಂದ್ಮಾತು. ಈ ಟೋಪಿ ಹಾಕ್ಕೊಂಡ್ರೆ ಸಿಂಬೆ ಎಲ್ಲಿಡೋದು? ಟೋಪಿ ಮೇಲೆ ಸಿಂಬೆ ಕೂರಲ್ಲ, ಜಾರ್ತದೆ. ಬಾಂಡ್ಲಿ ಹೆಂಗೆ ಹೊರೋದು?"

ಉತ್ತರ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ಪುಟಗಳಲ್ಲಿ ಎಲ್ಲೂ ಅದು ಇರಲಿಲ್ಲ. 'ಗೊತ್ತಿಲ್ಲಮ್ಮ, ಕೇಳಿ ಹೇಳ್ತೀನಿ' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಗೊತ್ತಿಲ್ಲ ಎಂದು ಕ್ಲಾಸಿನ ಮುಂದೆ ಹೇಳಿ ಅಭ್ಯಾಸವೇ ಇರಲಿಲ್ಲ ನನಗೆ.

"ತಲೆ ಮೇಲೆ ಇಡೋದು ಆಮೇಲಾಯ್ತು," ಎಂದೆ. "ಮೊದ್ಲು ತಲೆ ಒಳಗೆ ಸ್ವಲ್ಪ ಏನಾದ್ರೂ ಇಟ್ಕೊ. ಕೂತ್ಕೊ."

ಶೆಡ್ಡೆಲ್ಲ ಹೋ ಎಂದು ನಕ್ಕಿತು. ಅವಳೂ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಕೂತಳು. ಸಿಂಬೆಯನ್ನು ಕಂಕುಳಿಂದ ತೆಗೆದು ಬೆಂಚಿನ ಕೆಳಗೆ ಇಟ್ಟಳು. ಸಾಯಂಕಾಲ ನಾನು ಪುಸ್ತಕದಲ್ಲಿ ಎಂದಿನಂತೆ 'ಯಾವುದೂ ಇಲ್ಲ' ಎಂದು ಬರೆದು ಸಹಿ ಹಾಕಿ, ದಾರಿಯಲ್ಲಿ ಕಾಫಿಪುಡಿ ತೆಗೆದುಕೊಂಡು ಮನೆಗೆ ಹೋದೆ. ನನ್ನ ಮಾತು ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡದ್ದು ನೆನಪಿದೆ.

ಸೆಪ್ಟೆಂಬರ್ ಕೊನೆಯಲ್ಲಿ ಮೂರನೇ ಮಹಡಿಯ ಗೋಡೆ ಕೆಲಸ ನಡೆಯುವಾಗ ಸಿಮೆಂಟ್ ಇಟ್ಟಿಗೆಯ ಒಂದು ತುಂಡು ಕೆಳಗೆ ಬಿತ್ತು. ತಡೆಯಬೇಕಾಗಿದ್ದ ಬಲೆಯನ್ನು ಯಾವುದೋ ಕೆಲಸಕ್ಕೆಂದು ಬಿಚ್ಚಿ ಎರಡು ದಿನ ಆಗಿತ್ತು, ಮತ್ತೆ ಕಟ್ಟಿರಲಿಲ್ಲ. ಕೆಳಗೆ ನರಸಮ್ಮ ಮರಳು ಹೊತ್ತು ಹೋಗುತ್ತಿದ್ದಳು. ಇಟ್ಟಿಗೆ ಬಾಂಡ್ಲಿಯ ಅಂಚಿಗೆ ಬಡಿಯಿತು. ತುಂಬಿದ ಬಾಂಡ್ಲಿ ಪಕ್ಕಕ್ಕೆ ವಾಲಿ ಅವಳ ಕಿವಿ ಹರಿದು ಹೆಗಲ ಮೇಲೆ ಕೂತಿತು. ಕಿವಿಗೆ ನಾಲ್ಕು ಹೊಲಿಗೆ, ಹೆಗಲಿನ ಮುಂದಿನ ಮೂಳೆ ಮುರಿದಿತ್ತು. ತಲೆಯ ಮೇಲೆ ಸಿಂಬೆಯಿತ್ತು. ಹೆಲ್ಮೆಟ್ಟು ಮರಳಿನ ರಾಶಿಯ ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು, ಹಸಿರು ಸ್ಟಿಕರ್ ಸಮೇತ.

ವಾರದ ಮೇಲೆ ಮ್ಯಾನೇಜರ್ ರೇವಣಸಿದ್ದಯ್ಯನವರ ಕೋಣೆಯಲ್ಲಿ ವಿಚಾರಣೆ. ಅವರ ಮುಂದೆ ನನ್ನ ತರಬೇತಿಯ ಪುಸ್ತಕ ತೆರೆದಿತ್ತು. ನಿಶಾಂತ್ ಗೋಡೆಗೆ ಆತು ನಿಂತಿದ್ದ. ನರಸಮ್ಮ ಕೈಯನ್ನು ಕತ್ತಿಗೆ ಇಳಿಬಿಟ್ಟ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಸಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಕುರ್ಚಿ ಖಾಲಿ ಇದ್ದರೂ ನಿಂತೇ ಇದ್ದಳು.

"ಟ್ರೈನಿಂಗ್ ಆಗಿದೆಯಲ್ಲಮ್ಮ ನಿಂಗೆ? ಹೆಲ್ಮೆಟ್ ಯಾಕೆ ತೆಗ್ದೆ?" ಎಂದರು ರೇವಣಸಿದ್ದಯ್ಯ.

"ಮಿಸ್ ಎಲ್ಲ ಹೇಳ್ಕೊಟ್ಟವ್ರೆ ಸಾರ್. ನಾನೇ ತೆಗ್ದಿದ್ದು."

ಅವರು ನನ್ನ ಕಡೆ ತಿರುಗಿದರು. "ಮೇಡಂ, ಆವತ್ತು ಈಕೆ ಏನಾದ್ರೂ ಡೌಟ್ ಕೇಳಿದ್ರಾ? ಇಲ್ಲಿ ಯಾವುದೂ ಇಲ್ಲ ಅಂತ ಬರ್ದಿದೀರ."

ನನ್ನದೇ ಅಕ್ಷರ. ಎಷ್ಟು ದುಂಡಗೆ, ಎಷ್ಟು ಚೆಂದವಾಗಿ. ಹೌದು ಎಂದರೆ ಹಾಗಾದರೆ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ, ಏನು ಉತ್ತರ ಕೊಟ್ಟಿರಿ ಎಂದು ಕೇಳುತ್ತಾರೆ. ನಿಶಾಂತನ ಮುಂದೆ, ಆ ಮ್ಯಾನೇಜರ್ ಮುಂದೆ, ನಾನು ಆಡಿದ್ದ ಮಾತನ್ನು ಮತ್ತೆ ಬಾಯಿಬಿಟ್ಟು ಹೇಳಬೇಕಾಗುತ್ತದೆ.

"ಇಲ್ಲ," ಎಂದೆ.

ನರಸಮ್ಮ ಒಂದು ಸಲ ತಲೆಯೆತ್ತಿ ನನ್ನ ಮುಖ ನೋಡಿದಳು. ಕೋಪವಾಗಿ ನೋಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಏನೋ ಲೆಕ್ಕ ಹಾಕಿದವಳ ಹಾಗೆ ನೋಡಿದಳು, ಆಮೇಲೆ ನೆಲ ನೋಡಿಕೊಂಡು ಸುಮ್ಮನಾದಳು.

ತೀರ್ಮಾನ ಐದು ನಿಮಿಷದಲ್ಲಿ ಆಯಿತು. ತಪ್ಪು ಕೆಲಸಗಾರ್ತಿಯದು, ಪಾಸು ರದ್ದು. ಬಲೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮಾರನೆಯ ದಿನ ಗೇಟಿನ ಬೋರ್ಡಿನಲ್ಲಿ 'ಸುರಕ್ಷತಾ ನಿಯಮ ಮುರಿದವರು' ಎಂಬ ತಲೆಬರಹದ ಕೆಳಗೆ ನರಸಮ್ಮನ ಫೋಟೋ ಅಂಟಿಸಿದರು. ತರಬೇತಿಯ ದಿನ ಎಲ್ಲರಿಗೂ ತೆಗೆಯುವ ಫೋಟೋ ಅದು. ನನ್ನ ಮಾತಿಗೆ ಅವಳು ನಕ್ಕ ದಿನವೇ ತೆಗೆದದ್ದು.

ಇದ್ದದ್ದು ಒಂದೇ ಗೇಟು. ವಾರಕ್ಕೆರಡು ಸಲ ಆ ಫೋಟೋ ದಾಟಿಕೊಂಡು ಒಳಗೆ ಹೋಗಬೇಕಿತ್ತು. ನಾನು ಆಟೋದಿಂದ ಇಳಿಯುತ್ತಲೇ ಕೊಡೆ ಬಿಚ್ಚತೊಡಗಿದೆ. ಬಿಸಿಲಿಲ್ಲ, ಮಳೆಯಿಲ್ಲ, ಆದರೂ ಕೊಡೆಯನ್ನು ಬೋರ್ಡಿನ ಕಡೆಗೆ ವಾಲಿಸಿಕೊಂಡು ಹೋಗುತ್ತಿದ್ದೆ. "ಏನ್ ಮಿಸ್, ಮೋಡ ಇದ್ರೂ ಕೊಡೆ?" ಎಂದು ಗೇಟಿನವನು ಒಂದು ದಿನ ಕೇಳಿಯೇಬಿಟ್ಟ. ತಲೆ ಸುತ್ತುತ್ತದೆ ಎಂದು ಅವನಿಗೂ ಒಂದು ಸುಳ್ಳು ಹೇಳಿದೆ.

ಆಯುಧ ಪೂಜೆಯ ಮಧ್ಯಾಹ್ನ ನಿಶಾಂತನಿಂದ ವಿಳಾಸ ಪಡೆದು ಹೊರಟೆ. ಕೈಯಲ್ಲಿ ಹಣ್ಣು, ಹೂವು. ಕ್ಷಮೆ ಕೇಳಲು ಹೊರಟೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಹೇಗಾದರೂ ಆ ಕೊಡೆಯಿಂದ ತಪ್ಪಿಸಿಕೊಳ್ಳಬೇಕಿತ್ತು.

ಗುಟ್ಟಹಳ್ಳಿಯ ಗಲ್ಲಿಯೊಂದರಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ತೆಗೆದವಳು ಮಗಳು ಲಾಸ್ಯಾ, ಮೆಜೆಸ್ಟಿಕ್ ಹತ್ತಿರದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಹುಡುಗಿ. ನಾನು ಯಾರೆಂದು ಹೇಳುತ್ತಲೇ ಅವಳ ಮುಖ ಬಿಗಿಯಿತು.

"ಗೇಟಲ್ಲಿರೋ ಫೋಟೋ ಕಿತ್ತಾಕ್ತಾರಂತಾ?" ಎಂದಳು, ಒಳಗೆ ಬನ್ನಿ ಎನ್ನುವುದಕ್ಕೂ ಮುಂಚೆ. "ನಮ್ ಬೀದಿಯೋರೇ ಮೊಬೈಲಲ್ಲಿ ಹಿಡ್ಕೊಂಡು ಬಂದು ತೋರಿಸ್ತಾರೆ. ನಲವತ್ತು ವರ್ಷ ಕೆಲ್ಸ ಮಾಡಿದ್ದಕ್ಕೆ ಕಳ್ಳರ ಥರ ಗೇಟಲ್ಲಿ ಹಾಕಿದ್ದೀರಲ್ಲ. ಬೇರೆ ಸೈಟಿನೋರೂ ಈಗ ಕರೀತಿಲ್ಲ."

"ಏ, ಸುಮ್ನಿರೇ. ಮಿಸ್ ಏನ್ ಮಾಡ್ತಾರೆ? ಬನ್ನಿ ಮಿಸ್, ಕೂತ್ಕಳಿ," ಎಂದು ಒಳಗಿಂದ ನರಸಮ್ಮ ಕರೆದಳು.

ಗೋಡೆಯ ಬದಿಯಲ್ಲಿ ಪೂಜೆಯಾಗಿತ್ತು. ತೊಳೆದ ಬಾಂಡ್ಲಿ, ಅದರೊಳಗೆ ಸಿಂಬೆ, ಪಕ್ಕದಲ್ಲಿ ಗಂಡ ಕಾಳಪ್ಪ ಗಾರೆ ಮೆತ್ತುತ್ತಿದ್ದ ಕರಣೆ. ಕಾಳಪ್ಪ ಗಾರೆ ಮೇಸ್ತ್ರಿ. ಅವನು ಹೋಗಿ ಎಂಟು ವರ್ಷವಾದರೂ ಕರಣೆಗೆ ಒಂದು ಚುಕ್ಕಿ ತುಕ್ಕು ಹತ್ತಲು ಬಿಟ್ಟಿರಲಿಲ್ಲ. ಎಲ್ಲಕ್ಕೂ ಕುಂಕುಮ, ಚೆಂಡು ಹೂ. ಸಾಲಿನ ಕೊನೆಯಲ್ಲಿ ಹಸಿರು ಸ್ಟಿಕರಿನ ಹಳದಿ ಹೆಲ್ಮೆಟ್ಟು. ಅದಕ್ಕೂ ಕುಂಕುಮ ಇಟ್ಟಿದ್ದಳು.

"ಇದಕ್ಕೂ ಪೂಜೆನಾ?" ಎಂದೆ.

"ಅದೂ ಆಯುಧಾನೇ ಅಲ್ವಾ ಮಿಸ್. ನೀವೇ ಕೊಟ್ಟಿದ್ದು."

ನನ್ನ ಕೈಯ ಹಣ್ಣನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನರಸಮ್ಮ ತಾನಾಗಿಯೇ ಮಾತಾಡಿದಳು. ಹುಟ್ಟಿದ್ದು ಈ ಗಲ್ಲಿಯಲ್ಲೇ. ಅವಳ ತಾಯಿಯೂ ಚಿತ್ತಾಳು. ಹದಿಮೂರಕ್ಕೆ ಅವಳ ತಲೆಯ ಮೇಲೆ ಬಾಂಡ್ಲಿ ಕೂತಿತು. ಸಿಂಬೆಗೆ ಹಳೇ ನೂಲಿನ ಸೀರೆಯೇ ಆಗಬೇಕು, ನೈಲೆಕ್ಸ್ ಆದರೆ ಜಾರುತ್ತದೆ ಎಂದಳು. ಸುತ್ತುವಾಗ ನಡುವಿನ ತೂತು ಎರಡು ಬೆರಳಿಗಿಂತ ದೊಡ್ಡದಾದರೆ ನೆತ್ತಿ ಉರಿಯುತ್ತದಂತೆ. ಕಾಳಪ್ಪ ಮೇಲಿನಿಂದ ಕೂಗಿದ ದನಿಯಲ್ಲೇ ಸಿಮೆಂಟು ಎಷ್ಟು ನೀರಾಗಿರಬೇಕೆಂದು ತಿಳಿಯುತ್ತಿತ್ತಂತೆ. ಬಸವನಗುಡಿಯಲ್ಲಿ ಯಾವ ಯಾವ ಬಿಲ್ಡಿಂಗಿಗೆ ಹೊತ್ತಿದ್ದೇನೆ ಎಂದು ರಸ್ತೆ ರಸ್ತೆಯಾಗಿ ಹೇಳುತ್ತ ಹೋದಳು. ಕೇಳುತ್ತ ನನಗೆ ಹೆದರಿಕೆಯಾಗತೊಡಗಿತು.

"ನಿಮ್ದು ಯಾವ್ ಮನೆ ಮಿಸ್?"

ಹೇಳಿದೆ.

"ಅಯ್ಯೋ, ಅದಾ! ಅಲ್ಲಿ ಲಿಫ್ಟ್ ಹಾಕೋಕ್ ಮುಂಚೆ ಮರಳೆಲ್ಲ ನಾನೇ ಹತ್ಸಿದ್ದು. ಮೂರನೇ ಮಹಡೀಲಿ ಮೆಟ್ಲು ತಿರುಗೋ ಕಡೆ ಇಕ್ಕಟ್ಟು, ಅಲ್ವಾ? ಅಲ್ಲಿ ಬಾಂಡ್ಲಿ ಯಾವಾಗ್ಲೂ ಗೋಡೆಗೆ ತಗಲ್ತಿತ್ತು."

ಲಿಫ್ಟ್ ಕೆಟ್ಟಾಗಲೆಲ್ಲ ಆ ತಿರುವಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಮಂಡಿ ಹಿಡಿದುಕೊಂಡು ನಿಂತು, ಇಷ್ಟು ಇಕ್ಕಟ್ಟಾಗಿ ಕಟ್ಟಿದವರನ್ನು ಬೈದುಕೊಂಡಿದ್ದೇನೆ.

ಕಡೆಗೆ ಕೇಳಿದೆ. "ನರಸಮ್ಮ, ಆವತ್ತು ನಾನು ಇಲ್ಲ ಅಂದೆ. ನೀವ್ಯಾಕೆ ಸುಮ್ನಿದ್ರಿ? ಕೇಳಿದ್ದೆ ಅಂತ ಹೇಳ್ಬಹುದಿತ್ತಲ್ಲ."

ಅವಳು ಮಗಳ ಕಡೆ ನೋಡಿ ದನಿ ತಗ್ಗಿಸಿದಳು. "ಹೇಳಿದ್ರೆ ನಿಮ್ ಕೆಲ್ಸ ಹೋಗ್ತಿತ್ತಲ್ಲ ಮಿಸ್. ಈ ವಯಸ್ಸಲ್ಲಿ, ಅಷ್ಟು ಮಂಡಿ ನೋವಿಟ್ಕೊಂಡು ಆ ಧೂಳಲ್ಲಿ ಬರ್ತೀರ ಅಂದ್ರೆ ಮನೇಲಿ ಎಷ್ಟು ಕಷ್ಟ ಇರ್ಬೇಕು. ಒಬ್ರೇ ಇರೋದಂತೆ. ನಂಗಾದ್ರೆ ಲಾಸ್ಯಾ ಅವ್ಳೆ." ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೇ ನಕ್ಕಳು. "ನೀವು ಹೇಳಿದ್ದೂ ಸರಿನೇ ಬಿಡಿ. ತಲೆ ಒಳಗೆ ಸ್ವಲ್ಪ ಇಟ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ಲ."

ಪಿಂಚಣಿಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಹೊತ್ತು ಹೋಗಲಿ ಎಂದು ಬರುತ್ತೇನೆ ಎಂದು ಹೇಗೆ ಹೇಳುವುದು? 'ನಾಚಿಕೆಯಾಗಲ್ವಾ ನಿಂಗೆ?' ಎಂದು ಎಷ್ಟು ಹುಡುಗಿಯರಿಗೆ ಅಂದಿದ್ದೇನೋ ಲೆಕ್ಕವಿಲ್ಲ. ಅದು ಮೈಯಲ್ಲಿ ಎಲ್ಲಿ ತಾಗುತ್ತದೆ ಎಂದು ಅರವತ್ತಮೂರನೇ ವಯಸ್ಸಿನಲ್ಲಿ ತಿಳಿಯಿತು. ಕಿವಿಯ ಹಿಂದೆ ಬಿಸಿಯಾಗುತ್ತದೆ, ಎದುರಿಗಿರುವವರು ಕೊಟ್ಟ ಕಾಫಿ ಕೆಳಗಿಳಿಯುವುದಿಲ್ಲ.

ಹಬ್ಬ ಮುಗಿದು ಸೈಟು ತೆರೆದ ದಿನ ನಾನು ಮೊದಲು ಮಾಡಿದ್ದು ಆ ಪುಸ್ತಕ ತೆಗೆದದ್ದು. ಆಗಸ್ಟಿನ ಪುಟದಲ್ಲಿ 'ಯಾವುದೂ ಇಲ್ಲ' ಎಂಬುದನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿ ಕೆಳಗೆ ಬರೆದೆ: 'ಪ್ರಶ್ನೆ: ಹೆಲ್ಮೆಟ್ ಹಾಕಿಕೊಂಡರೆ ಸಿಂಬೆ ಎಲ್ಲಿಡುವುದು, ಬಾಂಡ್ಲಿ ಹೇಗೆ ಹೊರುವುದು? ಕೇಳಿದವರು: ನರಸಮ್ಮ. ಉತ್ತರ: ನನಗೆ ಗೊತ್ತಿರಲಿಲ್ಲ. ಎಲ್ಲರ ಮುಂದೆ ಅವಮಾನ ಮಾಡಿ ಕೂರಿಸಿದೆ. ವಿಚಾರಣೆಯಲ್ಲೂ ಸುಳ್ಳು ಹೇಳಿದೆ.' ಕೆಳಗೆ ಸಹಿ, ಅಂದಿನ ತಾರೀಕು. ಪುಸ್ತಕವನ್ನು ರೇವಣಸಿದ್ದಯ್ಯನವರ ಮೇಜಿನ ಮೇಲಿಟ್ಟೆ.

ಅವರು ಓದಿದರು. ಇನ್ನೊಮ್ಮೆ ಓದಿದರು. "ಏನ್ ಮೇಡಂ ಇದು? ಆಡಿಟ್‌ಗೆ ಹೋಗೋ ಪುಸ್ತಕ. ನಿಮಗೆ ಬುದ್ಧಿ ಇದೆಯಾ?"

"ಆವತ್ತು ಇರ್ಲಿಲ್ಲ," ಎಂದೆ. "ಆ ಫೋಟೋ ತೆಗ್ಸಿ. ಅವರ ಪಾಸು ವಾಪಸ್ ಕೊಡಿ. ಇಲ್ಲದಿದ್ರೆ ಈ ಪುಟ ಹಿಡ್ಕೊಂಡು ಲೇಬರ್ ಆಫೀಸಿಗೆ ನಾನೇ ಹೋಗ್ತೀನಿ. ಬಲೆ ವಿಷಯಾನೂ ಹೇಳ್ತೀನಿ."

ಬಲೆ ಎಂದ ಕೂಡಲೇ ಅವರ ದನಿ ಇಳಿಯಿತು. ಸಾಯಂಕಾಲದ ಹೊತ್ತಿಗೆ ಫೋಟೋ ಹೋಗಿತ್ತು, ನಾಲ್ಕು ಮೂಲೆಯ ಟೇಪು ಮಾತ್ರ ಉಳಿದಿತ್ತು. ಕೈ ವಾಸಿಯಾದ ಮೇಲೆ ನರಸಮ್ಮ ಕೆಲಸಕ್ಕೆ ಬರಬಹುದು, ಆಸ್ಪತ್ರೆಯ ಖರ್ಚನ್ನೂ ಕಂಪನಿ ನೋಡಿಕೊಳ್ಳುತ್ತದೆ ಎಂದು ಹೇಳಿ ಕಳಿಸಿದರು. ತಲೆಯ ಮೇಲೆ ಹೊರುವುದು ಬೇಡವೆಂದು ಎರಡು ತಳ್ಳುಗಾಡಿ ತರಿಸಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ನರಸಮ್ಮ ಬಂದಳು. ಮೂರು ತಿಂಗಳು ಬಿಟ್ಟವರು ಮತ್ತೆ ಮೊದಲಿನಿಂದ ತರಬೇತಿಗೆ ಕೂರಬೇಕು, ಅದು ನಿಯಮ. ಬೆಳಿಗ್ಗೆ ತರಬೇತಿ ಶುರುವಾಗುವ ಮುಂಚೆ ಶೆಡ್ಡಿನ ಕಿಟಕಿಯಿಂದ ನೋಡಿದೆ. ಅವಳು ಹಳೆಯ ಸ್ಟಿಕರಿನ ಹೆಲ್ಮೆಟ್ಟಿನಲ್ಲೇ ತಳ್ಳುಗಾಡಿಯನ್ನು ಮೇಲಕ್ಕೆ ಹೋಗುವ ಹಲಗೆಯ ಬುಡಕ್ಕೆ ತಂದು, ಒಂದು ಹೆಜ್ಜೆ ಏರಿಸಿ, ಹೆಗಲು ಹಿಡಿದುಕೊಂಡು ಹಿಂದಕ್ಕೆ ಬಿಟ್ಟಳು. ಹಲಗೆ ಅಗಲ ಸಾಲದು, ಚಕ್ರ ಅಂಚಿಗೆ ಬರುತ್ತಿತ್ತು. ಬಗ್ಗಿ ಚಕ್ರ ನೋಡಿದಳು, ಗೇಣು ಹಾಕಿ ಹಲಗೆ ಅಳೆದಳು, ತಲೆಯಾಡಿಸಿದಳು.

ಆ ದಿನ ನಾನು ಇಪ್ಪತ್ತೆಂಟು ಪುಟಗಳನ್ನು ಬೇಗ ಮುಗಿಸಿದೆ. ಅರ್ಥ ಆಯ್ತಾ ಎಂದು ಕೂಗಿಸಲಿಲ್ಲ. ಪುಸ್ತಕ ಮುಚ್ಚಿ, ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ.

"ನಾನು ಒಂದ್ಸಲ ಇದೇ ಜಾಗದಲ್ಲಿ ನರಸಮ್ಮ ಅವರಿಗೆ ಬಹಳ ಕೆಟ್ಟದಾಗಿ ಮಾತಾಡಿದ್ದೆ," ಎಂದೆ. "ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನನಗೆ ಉತ್ತರ ಗೊತ್ತಿರ್ಲಿಲ್ಲ. ತಪ್ಪು ನಂದು. ಇವತ್ತು ನಿಮಗೆ ಏನೇ ಅನುಮಾನ ಇದ್ರೂ ಕೇಳಿ. ಎಷ್ಟು ಹೊತ್ತಾದ್ರೂ ಕೂತಿರ್ತೀನಿ."

ಎಲ್ಲರೂ ನರಸಮ್ಮನ ಕಡೆ ತಿರುಗಿದ್ದರು. ಅವಳು ಸೆರಗು ಸರಿಮಾಡಿಕೊಂಡು, ಮತ್ತೆ ಎಲ್ಲರ ನಡುವೆ ಸಿಕ್ಕಿಬಿದ್ದವಳ ಹಾಗೆ ನೆಲ ನೋಡುತ್ತಿದ್ದಳು.

"ನರಸಮ್ಮ, ನೀವು ಹೇಳಿ. ಗಾಡಿ, ಹಲಗೆ, ಏನಾದ್ರೂ ಇದೆಯಾ?"

ಅವಳು ತಲೆಯೆತ್ತಿದಳು. ವಿಚಾರಣೆಯ ದಿನ ನೋಡಿದ ಹಾಗೆಯೇ ನನ್ನ ಮುಖ ನೋಡಿದಳು. ಆಮೇಲೆ ನನಗೆ ನೋವಾಗಬಾರದು ಎಂಬಂತೆ ಮೆತ್ತಗೆ ನಕ್ಕಳು.

"ಏನಿಲ್ಲ ಮಿಸ್. ಎಲ್ಲಾ ಅರ್ಥ ಆಯ್ತು."

ಹಲಗೆಯ ವಿಷಯವನ್ನು ನಾನೇ ನಿಶಾಂತನಿಗೆ ಹೇಳಿದೆ. ಮಾರನೆಯ ದಿನ ಅಗಲದ ಹಲಗೆ ಬಂತು, ಅದರ ಬಗ್ಗೆ ಚಿಂತೆಯಿಲ್ಲ. ಆ ಪ್ರಶ್ನೆ ಅವಳ ಬಾಯಿಂದ ಬರಲಿಲ್ಲ, ಅಷ್ಟೇ. ಆವತ್ತು ಎಲ್ಲರೂ ಹೆಲ್ಮೆಟ್ಟಿಗೆ ಸ್ಟಿಕರ್ ಅಂಟಿಸಿಕೊಂಡು ಹೋದ ಮೇಲೆ ನಾನು ಪುಸ್ತಕ ತೆರೆದೆ. ಹೆಸರು ಬರೆದೆ, ತಾರೀಕು ಬರೆದೆ. ಕೊನೆಯ ಕಾಲಮಿಗೆ ಬಂದಾಗ ಆಗಸ್ಟಿನ ಪುಟ ತಿರುವಿ ನೋಡಿದೆ. ಆಮೇಲೆ 'ಯಾವುದೂ ಇಲ್ಲ' ಎಂದು ಬರೆದು ಸಹಿ ಹಾಕಿದೆ. ಈ ಸಲ ಅದು ಸುಳ್ಳಾಗಿರಲಿಲ್ಲ.